ಅದು ಸಿನಿಮಾ ಪ್ರೊಜೆಕ್ಟರ್ ಅಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಪ್ರೌಢಶಾಲೆಯೊಂದರ ಹಳೆ ಸಾಮಾನಿನ ಹರಾಜು. ಮುರಿದ ಬೆಂಚು, ಕಾಲಿಲ್ಲದ ಕುರ್ಚಿ, ತುಕ್ಕು ಹಿಡಿದ ಟ್ರಂಕು. ಅವುಗಳ ನಡುವೆ ಕರಿ ಬಣ್ಣದ ದೊಡ್ಡ ತಗಡಿನ ಪೆಟ್ಟಿಗೆ, ಅದರ ಮುಂದೆ ಚೊಂಬಿನ ಗಾತ್ರದ ಒಂದು ಕೊಳವೆ. ಕೆಳಗೆ ‘ಹಳೆಯ ಸಿನಿಮಾ ಪ್ರೊಜೆಕ್ಟರ್’ ಎಂದು ಹಾಕಿದ್ದಿರಿ.

ಅದು ಸಿನಿಮಾ ಪ್ರೊಜೆಕ್ಟರ್ ಅಲ್ಲ. ರೀಲು ಸುತ್ತುವ ಚಕ್ರ ಎಲ್ಲಿದೆ, ಹೇಳಿ? ಅದರ ಹೆಸರು ಎಪಿಡಯಾಸ್ಕೋಪ್, ಪುಸ್ತಕದ ಪುಟವನ್ನೋ ಎಲೆಯನ್ನೋ ಇದ್ದ ಹಾಗೇ ಗೋಡೆ ಮೇಲೆ ದೊಡ್ಡದಾಗಿ ತೋರಿಸುವ ಯಂತ್ರ. ಇಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಆ ಕೊಳವೆಯ ಬುಡಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಭೂತಗನ್ನಡಿಯಲ್ಲಿ ನೋಡಿದೆ, ಫೋಟೊದಲ್ಲೂ ಕಾಣುತ್ತದೆ. ಅದನ್ನು ಸುತ್ತಿದವನು ನಾನೇ.

ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದು 1981ರಲ್ಲಿ. ಚಾರ್ಜ್ ತೆಗೆದುಕೊಳ್ಳುವಾಗ ಸ್ಟಾಕ್ ರಿಜಿಸ್ಟರಿನಲ್ಲಿ ‘ಎಪಿಡಯಾಸ್ಕೋಪ್ – 1’ ಎಂದಿತ್ತು. ಬಿ.ಎಡ್‌ನಲ್ಲಿ ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಐದು ಅಂಕ ತೆಗೆದುಕೊಂಡಿದ್ದೆ. ಕಣ್ಣಾರೆ ಕಂಡಿರಲಿಲ್ಲ. ಪಾಠ ಮಾಡಿದವರೂ ಕಂಡಿರಲಿಲ್ಲ ಅಂತ ನನ್ನ ಗುಮಾನಿ. ಲ್ಯಾಬಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಪೆಟ್ಟಿಗೆಯನ್ನು ನಾನೂ ಅಟೆಂಡರೂ ಇಬ್ಬರೂ ಸೇರಿ ಎತ್ತಬೇಕಾಯಿತು. ಹಿಂಬದಿಯ ಹಿತ್ತಾಳೆ ತಗಡಿನ ಮೇಲೆ ಅಂಬಾಲಾ ಎಂದು ಊರಿನ ಹೆಸರು. ಆ ಕಾಲದ ಶಾಲೆಗಳ ಬೀಕರು, ತಕ್ಕಡಿ, ಲೆನ್ಸು ಎಷ್ಟೋ ಆ ಊರಿಂದಲೇ ಬರುತ್ತಿದ್ದವು.

ಸಿನಿಮಾ ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಸಿನಿಮಾದಲ್ಲಿ ಬೆಳಕು ಫಿಲಮಿನ ಒಳಗೆ ತೂರಿ ಬರುತ್ತದೆ. ಸ್ಲೈಡಿನಲ್ಲೂ ಅಷ್ಟೇ. ಇಲ್ಲಿ ಬೆಳಕು ವಸ್ತುವಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ ಬರಬೇಕು. ಪುಸ್ತಕದ ಪುಟ, ಎಲೆ, ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಏನಾದರೂ ಸರಿ. ಪೆಟ್ಟಿಗೆಯ ಕೆಳಗೆ ಸ್ಪ್ರಿಂಗ್ ಇರುವ ಒಂದು ಹಲಗೆ. ಅದನ್ನು ಒತ್ತಿ ಇಳಿಸಿ ಪುಸ್ತಕ ತೂರಿಸಿ ಬಿಟ್ಟರೆ, ಹಲಗೆ ಮೇಲೆದ್ದು ಪುಟವನ್ನು ಗಾಜಿಗೆ ಅಪ್ಪಿಸುತ್ತದೆ. ಒಳಗೆ 1000 ವ್ಯಾಟಿನ ಬಲ್ಬು. ಪುಟದಿಂದ ಎದ್ದ ಬೆಳಕು ಮೇಲೆ ಓರೆಯಾಗಿ ಕೂತ ಕನ್ನಡಿಗೆ ಬಡಿದು, ಲೆನ್ಸ್ ದಾಟಿ ಗೋಡೆಗೆ ಹೋಗುತ್ತದೆ. ಆ ಕನ್ನಡಿ ಇಲ್ಲದಿದ್ದರೆ ಅಕ್ಷರವೆಲ್ಲ ಎಡಬಲ ಅದಲುಬದಲು.

ಯಂತ್ರ ಹೊಸದೇನೂ ಅಲ್ಲ. ಗಣಿತದ ಆಯ್ಲರ್ 1756ರ ಸುಮಾರಿಗೇ ಇಂಥದ್ದನ್ನು ಮಾಡಿ ತೋರಿಸಿದ್ದ. ಅನಿಲಗಳ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವ ಚಾರ್ಲ್ಸ್ ನಿಯಮ ಇದೆಯಲ್ಲ, ಆ ಚಾರ್ಲ್ಸನೂ 1780ರ ಆಸುಪಾಸಿನಲ್ಲಿ ಒಂದು ಮೆಗಾಸ್ಕೋಪ್ ಕಟ್ಟಿದ ಎನ್ನುತ್ತಾರೆ. ವಸ್ತುವನ್ನು ಬಿಸಿಲಿಗೆ ಹಿಡಿಯುವುದು, ಕತ್ತಲೆ ಕೋಣೆಯಲ್ಲಿ ಕೂತು ನೋಡುವುದು. ಅವನ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ನಮ್ಮ ಹಳ್ಳಿಯಲ್ಲಿ ಇದನ್ನು ಹಚ್ಚುವುದೆಂದರೆ ಒಂದು ಮದುವೆ ಮಾಡಿದಷ್ಟು ಕೆಲಸ. ಪೆಟ್ಟಿಗೆಯ ಪ್ಲಗ್ಗು ದಪ್ಪ ಕಾಲಿನದು. ಅದು ಕೂರುವ ಪವರ್ ಪಾಯಿಂಟು ಇದ್ದದ್ದು ಹೆಡ್ ಮೇಷ್ಟ್ರ ಕೋಣೆಯಲ್ಲಿ ಮಾತ್ರ. ಅಲ್ಲಿಂದ ಕಿಟಕಿಯ ಮೂಲಕ ವೈರು ಎಳೆದು ಒಂಬತ್ತನೇ ತರಗತಿಗೆ ತರಬೇಕು. ಸಾವಿರ ವ್ಯಾಟಿಗೆ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಚಿಲ್ಲರೆ, 5 ಆಂಪಿಯರ್ ಫ್ಯೂಸು ಸಾಕು ಎಂದು ಲೆಕ್ಕ ಹಾಕಿದ್ದೆ. ಸ್ವಿಚ್ ಹಾಕಿದ ತಕ್ಷಣ ಫ್ಯೂಸು ಹೋಯಿತು. ಹೆಡ್ ಮೇಷ್ಟ್ರ ಫ್ಯಾನೂ ನಿಂತಿತು. ಬಲ್ಬಿನೊಳಗಿನ ತಣ್ಣಗಿರುವ ತಂತಿ ಮೊದಲ ಕ್ಷಣದಲ್ಲಿ ಹಲವು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ ಎಂಬುದನ್ನು ನಾನೇ ಪಾಠದಲ್ಲಿ ಹೇಳುತ್ತಿದ್ದೆ! ಪಾಠ ಬೇರೆ, ಫ್ಯೂಸು ಬೇರೆ ಅಂದುಕೊಂಡಿದ್ದೆನೋ ಏನೋ.

ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟ ಹೊತ್ತಿನಲ್ಲಂತೂ ಹಚ್ಚುವ ಹಾಗೇ ಇಲ್ಲ. ಇಂಥ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುತ್ತದೆ. ಗೋಡೆ ಮೇಲೆ ಅರಿಶಿನ ಸವರಿದ ಹಾಗೆ ಕಾಣುತ್ತಿತ್ತು, ಅಷ್ಟೇ.

ಆಮೇಲೆ ಕತ್ತಲೆ. ಪುಟದಿಂದ ಚಿಮ್ಮುವ ಬೆಳಕು ನಾಲ್ಕೂ ದಿಕ್ಕಿಗೆ ಚೆಲ್ಲಿಹೋಗುತ್ತದೆ. ಲೆನ್ಸಿಗೆ ಸಿಗುವುದು ಅದರಲ್ಲಿ ಒಂದು ಚೂರು. ಹಾಗಾಗಿ ಕೋಣೆ ಕಗ್ಗತ್ತಲೆ ಇರಬೇಕು. ಪರದೆಗೆ ದುಡ್ಡಿಲ್ಲ. ಆದರೆ ಚಳ್ಳಕೆರೆ ಸೀಮೆಯಲ್ಲಿ ಕಂಬಳಿಗೆ ಬರವೇ? ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಕುರಿ ಸಾಕುವ ಮನೆಯವರು. ‘ನಾಳೆ ಕಂಬಳಿ ತನ್ನಿ’ ಎಂದರೆ ಸಾಕು, ಕಿಟಕಿಗೆ ಎರಡೆರಡು ಪದರ ಬೀಳುತ್ತಿದ್ದವು. ಕುರಿ ಉಣ್ಣೆಯ ವಾಸನೆ, ಕಾದ ತಗಡಿನ ವಾಸನೆ, ಬಲ್ಬಿನ ಮೇಲೆ ಕೂತ ಧೂಳು ಸುಡುವ ವಾಸನೆ. ಮಕ್ಕಳು ಆ ಪೆಟ್ಟಿಗೆಯನ್ನು ಒಲೆ ಎಂದೇ ಕರೆದರು. ‘ಸಾರ್, ಇವತ್ತು ಒಲೆ ಹಚ್ತೀರಾ?’ ಎಂದು ಬೆಳಗಿನ ಪ್ರಾರ್ಥನೆ ಮುಗಿಯುವ ಮೊದಲೇ ಕೇಳುತ್ತಿದ್ದರು.

ಒಲೆ ಎಂದದ್ದು ತಪ್ಪೂ ಅಲ್ಲ. ಒಳಗಿನ ಫ್ಯಾನು ಎರಡನೇ ವರ್ಷ ಕೆಟ್ಟಿತು. ಆಮೇಲೆ ಪುಟ ಇಟ್ಟು ಒಂದೆರಡು ನಿಮಿಷವಾದರೆ ಕಾಗದ ಬಿಸಿಯಾಗಿ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಸೊಟ್ಟಗಾದರೆ ಫೋಕಸ್ ಹೋಯಿತು. ನಡುವಿನ ಅಕ್ಷರ ಸ್ಪಷ್ಟ, ಅಂಚಿನದು ಮಸುಕು. ‘ಬೇಗ ನೋಡ್ರೋ, ಬೇಗ ಬರ್ಕೊಳ್ರೋ’ ಎಂದು ನಾನು ಕೂಗುವುದು, ಅಟೆಂಡರ್ ಪಕ್ಕದಲ್ಲಿ ಬೀಸಣಿಗೆ ಬೀಸುವುದು. ಹೊರಗಿನಿಂದ ನೋಡಿದವರಿಗೆ ಮುಸುಕಿನ ಜೋಳ ಸುಡುತ್ತಿದ್ದೇವೆ ಅನ್ನಿಸಿರಬೇಕು.

ಅಟೆಂಡರ್ ಮಾತು ಬಂತು. ಪುಣ್ಯಾತ್ಮ, ಕೆಲಸದಲ್ಲಿ ಬಲು ನಿಯತ್ತು. ಒಂದು ದಸರಾ ಆಯುಧಪೂಜೆಗೆ ಪೆಟ್ಟಿಗೆ ಬಿಚ್ಚಿ, ಒಳಗಿನ ಕನ್ನಡಿಗೆ ಧೂಳು ಹಿಡಿದಿದೆ ಎಂದು ವಿಭೂತಿ ಹಾಕಿ ಬಟ್ಟೆಯಲ್ಲಿ ತಿಕ್ಕಿಬಿಟ್ಟ. ಮನೆಯ ಕನ್ನಡಿಗೆ ಅದು ಸರಿ. ಏಕೆಂದರೆ ಅದರ ಬೆಳ್ಳಿಲೇಪ ಗಾಜಿನ ಹಿಂದಿರುತ್ತದೆ. ಈ ಕನ್ನಡಿಗೆ ಲೇಪ ಮುಂದೆಯೇ ಇರುತ್ತದೆ, ಬೆರಳು ತಾಗಿದರೂ ಕೆಡುತ್ತದೆ. ಅರ್ಧ ಲೇಪ ಬಟ್ಟೆಗೆ ಬಂತು. ಅವನನ್ನು ಬೈಯಲು ಹೋಗಿ ಸುಮ್ಮನಾದೆ. ಅವನಿಗೆ ಅದನ್ನು ಹೇಳಬೇಕಾಗಿದ್ದವನು ನಾನು, ಹೇಳಿರಲಿಲ್ಲ.

ಚಳ್ಳಕೆರೆಯ ಗಾಜಿನ ಅಂಗಡಿಯಲ್ಲಿ ಅದೇ ಅಳತೆಗೆ ಮಾಮೂಲಿ ಕನ್ನಡಿ ಕತ್ತರಿಸಿ ತಂದು ಕೂರಿಸಿದೆ. ಚಿತ್ರ ಬಂತು. ಆದರೆ ಪ್ರತಿ ಗೆರೆಗೂ ಪಕ್ಕದಲ್ಲೊಂದು ತೆಳು ಗೆರೆ. ಗಾಜಿನ ಮುಂದಿನ ಮೈಯಿಂದ ಒಂದು ಪ್ರತಿಬಿಂಬ, ಹಿಂದಿನ ಲೇಪದಿಂದ ಇನ್ನೊಂದು. ಆ ದಿನ ಇಟ್ಟಿದ್ದದ್ದು 1960ರಲ್ಲಿ ಬಂದ ಸರ್ ಎಂ. ವಿಶ್ವೇಶ್ವರಯ್ಯನವರ ಅಂಚೆಚೀಟಿ. ಅವರು ಬದುಕಿದ್ದಾಗಲೇ, ನೂರು ತುಂಬಿದಾಗ ತಂದದ್ದು. ಗೋಡೆ ಮೇಲೆ ಸಾಹೇಬರ ಪೇಟಕ್ಕೆ ಎರಡೆರಡು ಅಂಚು! ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಅದನ್ನೇ ಪಾಠ ಮಾಡಿದೆ. ಎರಡು ಪ್ರತಿಬಿಂಬ ಯಾಕೆ ಬಂತು, ಚಿತ್ರ ಬಿಡಿಸಿ ತೋರಿಸಿ ಎಂದೆ. ಬೆಳಕಿನ ಅಧ್ಯಾಯವನ್ನು ಅಷ್ಟು ಚೆನ್ನಾಗಿ ಅದಕ್ಕೆ ಮೊದಲೂ ಮಾಡಿರಲಿಲ್ಲ, ನಂತರವೂ ಮಾಡಲಿಲ್ಲ. (ನಮ್ಮ ಜಿಲ್ಲೆಯ ಮಾರಿಕಣಿವೆ ಅಣೆಕಟ್ಟನ್ನೂ ವಿಶ್ವೇಶ್ವರಯ್ಯನವರೇ ಕಟ್ಟಿಸಿದ್ದು ಎಂದು ಅವತ್ತು ಒಬ್ಬ ಹುಡುಗ ಹೇಳಿದ. ಈಗಲೂ ಹಲವರು ಹೇಳುತ್ತಾರೆ. ಅದು 1907ರಲ್ಲೇ ಮುಗಿದಿತ್ತು. ಅವರು ಮೈಸೂರು ಸರ್ಕಾರದ ಕೆಲಸಕ್ಕೆ ಬಂದದ್ದು 1909ರಲ್ಲಿ.)

ಈಗ ಶೇಂಗಾ ವಿಷಯ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ನಮ್ಮದು ಶೇಂಗಾ ಸೀಮೆ. ಚಳ್ಳಕೆರೆಗೆ ಎಣ್ಣೆ ನಗರ ಎಂದು ಹೆಸರು ಬಂದದ್ದೇ ಅದರಿಂದ. ಒಂಬತ್ತನೇ ತರಗತಿಯವರಿಗೆ ಸಾರಜನಕದ ಪಾಠ ಇತ್ತು. ದ್ವಿದಳ ಗಿಡದ ಬೇರುಗಂಟಿನಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ ಇತ್ಯಾದಿ. ಆಗಸ್ಟಿನಲ್ಲಿ ಒಬ್ಬನನ್ನು ಪಕ್ಕದ ಹೊಲಕ್ಕೆ ಓಡಿಸಿ, ಕೇಳಿಕೊಂಡು ಒಂದು ಗಿಡ ಕೀಳಿಸಿ ತರಿಸುತ್ತಿದ್ದೆ. ತೊಟ್ಟಿಯಲ್ಲಿ ಮಣ್ಣು ತೊಳೆದು, ಬೇರನ್ನು ಬಿಳಿ ಹಾಳೆಯ ಮೇಲೆ ಹರಡಿ ಗಾಜಿನ ಕೆಳಗೆ ಇಟ್ಟರೆ, 13 ಅಡಿ ದೂರದ ಗೋಡೆ ಮೇಲೆ ಹತ್ತು ಪಟ್ಟು. ಸಾಸಿವೆ ಕಾಳಿನಷ್ಟಿದ್ದ ಗಂಟು ಗೋಲಿಯಷ್ಟು. ಒಂದು ಗಂಟನ್ನು ಬ್ಲೇಡಿನಲ್ಲಿ ಸೀಳಿ ಮತ್ತೆ ಇಡುತ್ತಿದ್ದೆ. ಒಳಗೆ ಗುಲಾಬಿ ಬಣ್ಣ, ಒಸಡಿನ ಬಣ್ಣ. ಕೆಲಸ ಮಾಡುವ ಗಂಟು ಹಾಗಿರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯೊಂದು ಅದರೊಳಗಿದೆ. ಹುಟ್ಟಿದಾಗಿನಿಂದ ಶೇಂಗಾ ಕಿತ್ತ ಮಕ್ಕಳು ಅವರು. ಆ ಗಂಟನ್ನು ಯಾವುದೋ ಹುಳದ ಕಾಟ ಅಂದುಕೊಂಡಿದ್ದರು. ‘ಸಾರ್, ಇದಕ್ಕೆ ನಮ್ಮಪ್ಪ ಔಷಧಿ ಹೊಡೀಬೇಕು ಅಂತಿದ್ರು’ ಎಂದಳು ಒಬ್ಬಳು.

ನಡುವೆ ಓವರ್‌ಹೆಡ್ ಪ್ರೊಜೆಕ್ಟರ್ ಎಂಬುದು ಬಂತು. ತರಬೇತಿಗೆ ಹೋದಲ್ಲೆಲ್ಲ ಅದೇ. ಬೆಳಕು ಚೆನ್ನಾಗಿತ್ತು, ಕಂಬಳಿಯೂ ಬೇಡ. ಆದರೆ ಅದರ ಮೇಲೆ ಎಲೆ ಇಟ್ಟರೆ ಕಾಣುವುದು ಬರೀ ಕಪ್ಪು ನೆರಳು. ಪಾರದರ್ಶಕ ಹಾಳೆಯ ಮೇಲೆ ಮೇಷ್ಟ್ರು ಮೊದಲೇ ಬರೆದು ತಂದದ್ದನ್ನು ತೋರಿಸಬಹುದು, ಅಷ್ಟೇ.

ನನ್ನ ಒಲೆಯಿಂದ ಇನ್ನೊಂದು ಉಪಯೋಗವಾಯಿತು. ಅದು ಯಾವ ಬಿ.ಎಡ್ ಪುಸ್ತಕದಲ್ಲೂ ಇರಲಿಲ್ಲ. ಮಕ್ಕಳ ನೋಟ್‌ಬುಕ್ಕನ್ನೇ ಗಾಜಿನ ಕೆಳಗೆ ಇಡುವುದು. ಹಿಂದಿನ ಬೆಂಚಿನಲ್ಲಿ ತಲೆ ಎತ್ತದೆ ಕೂರುತ್ತಿದ್ದ ಹುಡುಗನೊಬ್ಬ ದಾಸವಾಳದ ಸೀಳುಚಿತ್ರ ಬರೆದಿದ್ದ. ಅವನ ಪುಟ ಐದಡಿ ಅಗಲವಾಗಿ ಗೋಡೆ ಮೇಲೆ ಬಂದಾಗ ಕೋಣೆ ಗಪ್‌ಚಿಪ್. ಕೇಸರದ ಒಂದೊಂದು ಎಳೆಯನ್ನೂ ಬಿಡದೆ ಬರೆದಿದ್ದ. ಮರುದಿನದಿಂದ ‘ನಂದೂ ಹಾಕಿ ಸಾರ್, ನಂದೂ’ ಎಂದು ಕಾಟ. ಪೆನ್ಸಿಲಿನ ನಡುಕವೂ ಹತ್ತು ಪಟ್ಟಾಗಿ ಕಾಣುವುದರಿಂದ ಎಲ್ಲರ ಚಿತ್ರವೂ ಸುಧಾರಿಸಿತು.

ಒಂದು ಸಲ ಎಡವಿದೆ. ಒಬ್ಬನ ತಪ್ಪು ಉತ್ತರ ತೋರಿಸಿ ‘ನೋಡ್ರಪ್ಪ’ ಎಂದೆ. ತರಗತಿ ನಕ್ಕಿತು. ಅವನು ಎರಡು ದಿನ ಶಾಲೆಗೆ ಬರಲಿಲ್ಲ. ಕತ್ತಲೆಯಲ್ಲಿ ಅವನ ಮುಖ ನನಗೆ ಕಂಡಿರಲಿಲ್ಲ. ಮೂರನೇ ದಿನ ನಾನೇ ಅವನ ಮನೆಗೆ ಹೋದೆ. ಆಮೇಲೆ ತಪ್ಪು ತೋರಿಸಬೇಕಾದಾಗಲೆಲ್ಲ ನನ್ನ ಕೈಬರಹದ ಪುಟವನ್ನೇ ಇಟ್ಟೆ.

ಡ್ರಾಯಿಂಗ್ ಮೇಷ್ಟ್ರು ಇದನ್ನು ತಮ್ಮ ಕೆಲಸಕ್ಕೂ ಎಳೆದುಕೊಂಡರು. 1988ರಲ್ಲಿ ಸಮಾಜ ಪುಸ್ತಕದ ಕರ್ನಾಟಕ ನಕ್ಷೆಯನ್ನು ಗೋಡೆಗೆ ಬಿಟ್ಟು, ಬೆಳಕಿನ ಗೆರೆಯ ಮೇಲೆಯೇ ಪೇಂಟ್ ಹಚ್ಚಿದರು. ಇದು ಕಳ್ಳಾಟ ಎಂದು ನಾನು ಛೇಡಿಸುತ್ತಿದ್ದೆ. ಅಮೆರಿಕದ ಹೆಸರಾಂತ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಕೂಡ ಬಾಲೋಪ್ಟಿಕನ್ ಎಂಬ ಇಂಥದೇ ಯಂತ್ರ ಇಟ್ಟುಕೊಂಡಿದ್ದ ಎಂದು ಆಮೇಲೆ ಎಲ್ಲೋ ಓದಿ, ಮಾತು ವಾಪಸ್ ತೆಗೆದುಕೊಂಡೆ. ಎತ್ತರ ಸಾಲದೆ ಪೆಟ್ಟಿಗೆಯ ಮುಂದಿನ ಕಾಲಿಗೆ ಎರಡು ಇಟ್ಟಿಗೆ ಕೊಟ್ಟಿದ್ದರು. ಹಾಗೆ ಮೇಲ್ಮುಖ ಮಾಡಿದರೆ ಚಿತ್ರದ ಮೇಲ್ಭಾಗ ಹಿಗ್ಗುತ್ತದೆ. ಹೀಗಾಗಿ ನಮ್ಮ ಶಾಲೆಯ ಕರ್ನಾಟಕದಲ್ಲಿ ಬೀದರ್ ಉಬ್ಬಿದೆ, ಮೈಸೂರು ಸೊರಗಿದೆ. ಜಿಲ್ಲೆಗಳು ಇಪ್ಪತ್ತೇ. ದಾವಣಗೆರೆ ಇನ್ನೂ ನಮ್ಮ ಚಿತ್ರದುರ್ಗದ ಹೊಟ್ಟೆಯೊಳಗೇ ಇದೆ. ಸುಣ್ಣ ಹೊಡೆಯುವವರು ಪ್ರತಿ ಸಲವೂ ಅದನ್ನು ಬಿಟ್ಟು ಹೊಡೆಯುತ್ತಿದ್ದರು.

ನಾನು 2013ರಲ್ಲಿ ನಿವೃತ್ತನಾದೆ. ಕಳೆದ ಆಗಸ್ಟಿನಲ್ಲಿ ಯಾವುದೋ ಕಾರ್ಯಕ್ರಮಕ್ಕೆ ಕರೆದಿದ್ದರು, ಹೋಗಿದ್ದೆ. ಆ ನಕ್ಷೆಯ ಮೇಲೆಯೇ ಸ್ಮಾರ್ಟ್ ಬೋರ್ಡು ಬಿಗಿದಿದ್ದಾರೆ. ಕೆಳಗಿನಿಂದ ಸೊರಗಿದ ಮೈಸೂರು ಮಾತ್ರ ಇಣುಕುತ್ತದೆ. ಬೋರ್ಡು ಚೆನ್ನಾಗಿದೆ, ಸುಳ್ಳು ಹೇಳಬಾರದು. ಹಗಲಲ್ಲೇ ಕಾಣುತ್ತದೆ, ಬಿಸಿಯಾಗುವುದಿಲ್ಲ, ಫ್ಯೂಸೂ ಹೋಗುವುದಿಲ್ಲ. ಅವತ್ತು ಅದೇ ಬೇರುಗಂಟಿನ ಪಾಠ ನಡೆಯುತ್ತಿತ್ತು. ಯಾವುದೋ ದೇಶದ ಬಟಾಣಿ ಗಿಡದ ವಿಡಿಯೊ. ಹೊರಗೆ, ಕಾಂಪೌಂಡಿನ ಆಚೆ, ಮೊಣಕಾಲಿನವರೆಗೆ ಶೇಂಗಾ ನಿಂತಿತ್ತು. ಒಂದು ಗಿಡವೂ ಒಳಗೆ ಬಂದಿರಲಿಲ್ಲ.

ಅಲ್ಲಿನ ಮೇಷ್ಟ್ರನ್ನು ನಾನು ದೂರುವುದಿಲ್ಲ. ಅವರಿಗೆ ಮೂರು ಶಾಲೆಯ ಕೆಲಸ, ಹತ್ತು ಆ್ಯಪಿನ ಲೆಕ್ಕ. ಒಲೆಯನ್ನು ವಾಪಸ್ ತನ್ನಿ ಎಂದೂ ಹೇಳುತ್ತಿಲ್ಲ. ಅದನ್ನು ಹೊತ್ತ ನನ್ನ ಸೊಂಟ ಇನ್ನೂ ಅದನ್ನು ಮರೆತಿಲ್ಲ. ಆದರೆ ಅವರ ಜೇಬಿನಲ್ಲಿರುವ ಫೋನು ಆ ಒಲೆ ಮಾಡಿದ ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡುತ್ತದೆ, ಅಲ್ವಾ? ಎರಡು ಲೋಟದ ಮೇಲೆ ಒಂದು ಸ್ಕೇಲು, ಅದರ ಮೇಲೆ ಫೋನು, ಕ್ಯಾಮೆರಾ ಕೆಳಮುಖ. ಅಡಿಯಲ್ಲಿ ಬೇರು ಅಥವಾ ಯಾರದಾದರೂ ನೋಟ್‌ಬುಕ್. ಫೋನನ್ನು ಬೋರ್ಡಿಗೆ ಜೋಡಿಸಿದರೆ ಮುಗಿಯಿತು. ಅವತ್ತು ಊಟದ ಬಿಡುವಿನಲ್ಲಿ ಅವರ ಜೊತೆ ಕೂತು ಮಾಡಿ ತೋರಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಅದರಲ್ಲಿ ಹದಿನೈದು ನಿಮಿಷ ಪಾಸ್‌ವರ್ಡ್ ಹುಡುಕಿದ್ದು. ಸ್ಮಾರ್ಟ್ ಬೋರ್ಡಿನ ತರಬೇತಿಯಲ್ಲಿ ವಿಡಿಯೊ ಹಾಕುವುದನ್ನು ಕಲಿಸುತ್ತಾರಂತೆ, ಇದನ್ನು ಯಾರೂ ಹೇಳಿಕೊಟ್ಟಿಲ್ಲವಂತೆ. ತರಬೇತಿ ಕೊಡುವವರು ದಯವಿಟ್ಟು ಇದನ್ನೂ ಸೇರಿಸಲಿ. ನನ್ನ ಬೇಡಿಕೆ ಇದೊಂದೇ ಎಂದು ಬರೆಯಲು ಕೂತಿದ್ದೆ. ನಿಮ್ಮ ಫೋಟೊ ನೋಡಿ ಇನ್ನೊಂದು ಸೇರಿಕೊಂಡಿತು.

ಹರಾಜಿಗೆ ಹಾಕುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ. ನಮ್ಮಂಥ ಎಷ್ಟೋ ಹಳೇ ಶಾಲೆ, ಕಾಲೇಜು, ತರಬೇತಿ ಸಂಸ್ಥೆಗಳ ಮೂಲೆಯಲ್ಲಿ ಇಂಥದ್ದು ಇನ್ನೂ ಇರಬಹುದು. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಂಥ ಕಡೆಯವರನ್ನು ಒಂದು ಮಾತು ಕೇಳಿ. ಅದೂ ಆಗದಿದ್ದರೆ ಲೆನ್ಸನ್ನಾದರೂ ತೆಗೆದು ಲ್ಯಾಬಿನಲ್ಲಿ ಇಟ್ಟುಕೊಳ್ಳಿ. ಅಂಗೈ ಅಗಲದ ಅಂಥ ಲೆನ್ಸು ಇವತ್ತು ಯಾವ ಶಾಲೆಯ ಲ್ಯಾಬಿನಲ್ಲಿದೆ?

ಫೋಟೊ ಬಂದ ದಿನವೇ ನಾನು ಬಸ್ಸು ಹತ್ತಿದೆ. ವಿಚಾರಿಸಿದೆ. ಪೆಟ್ಟಿಗೆ ಕೆ.ಜಿ. ಲೆಕ್ಕದಲ್ಲಿ ಗುಜರಿ ಅಂಗಡಿಗೆ ಹೋಗಿತ್ತು. ಅಲ್ಲಿ ಹೋಗುವಷ್ಟರಲ್ಲಿ ತಗಡನ್ನು ಜಜ್ಜಿ ಮೂಟೆ ಕಟ್ಟಿದ್ದರು. ಕೊಳವೆ ಮಾತ್ರ ಗಲ್ಲಾಪೆಟ್ಟಿಗೆಯ ಮೇಲೆ ಬಿಲ್ಲುಗಳು ಹಾರದಂತೆ ಕೂತಿತ್ತು, ನನ್ನ ಸೈಕಲ್ ಟ್ಯೂಬಿನ ಸಮೇತ. ಅಂಗಡಿಯವರು 200 ರೂಪಾಯಿ ಎಂದರು. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಭಾನುವಾರ ಮನೆಯಲ್ಲಿ ಚಾರ್ಲ್ಸನ ಮೆಗಾಸ್ಕೋಪ್ ಮಾಡಿದೆವು. ನಡುಮನೆಯ ಕಿಟಕಿಗೆ ರಟ್ಟು ಹೊಡೆದು, ಅದರಲ್ಲಿ ತೂತು ಕೊರೆದು, ಕೊಳವೆ ತೂರಿಸಿದೆ. ಸಂದಿಗೆಲ್ಲ ಕಂಬಳಿ. ಮೊಮ್ಮಗಳು ಹೊರಗೆ ಹನ್ನೊಂದರ ಬಿಸಿಲಿನಲ್ಲಿ ಶೇಂಗಾ ಎಲೆಯನ್ನು ತಲೆಕೆಳಗಾಗಿ ಹಿಡಿದು ನಿಂತಳು. ಲೆನ್ಸಿನಿಂದ ಒಂದೂವರೆ ಅಡಿ ದೂರ. ನಾನು ಒಳಗೆ ಏಳಡಿ ದೂರದಲ್ಲಿ ಬಿಳಿ ಪಂಚೆ ಹಿಡಿದೆ. ಮೊದಲು ಹಸಿರು ಮಬ್ಬು. ‘ಸ್ವಲ್ಪ ಹಿಂದೆ ಹೋಗು ಪುಟ್ಟಿ, ಇನ್ನೂ ಸ್ವಲ್ಪ’ ಎಂದೆ. ನಾಲ್ಕು ದಳದ ಎಲೆ ಮೊರದಗಲ ಮೂಡಿತು. ನರ ನರವೂ ಕಂಡಿತು. ಅಂಚಿನಲ್ಲಿ ಟಿಕ್ಕಾ ರೋಗದ ಎರಡು ಕಂದು ಚುಕ್ಕೆ.

‘ತಾತ, ಕೈ ನೋಯ್ತಿದೆ, ಕಾಣ್ತಾ ಇಲ್ವಾ?’ ಎಂದು ಹೊರಗಿನಿಂದ ಕೂಗಿದಳು. ಕಾಣ್ತಿದೆ ಎಂದೆ. ಈಗ ನೀನು ಒಳಗೆ ಬಾ, ನಾನು ಹೊರಗೆ ನಿಲ್ಲುತ್ತೇನೆ ಎಂದೆ.

ಇಂತಿ ನಿಮ್ಮ ಓದುಗ,
ನಿವೃತ್ತ ವಿಜ್ಞಾನ ಮೇಷ್ಟ್ರು,
ಚಳ್ಳಕೆರೆ